ಚರ್ಮದ ಸೈಕಲ್ ಸೀಟು: ಹಚ್ಚಬೇಕಾದ ಎಣ್ಣೆ ಯಾವುದು?

ರಬ್ಬರು ಮತ್ತು ಫೋಮ್ ಸೀಟುಗಳ ಅಬ್ಬರದಲ್ಲಿ ಮರೆಗೆ ಸರಿದಿದ್ದ ಚರ್ಮದ ಸೈಕಲ್ ಸೀಟು ದೂರದ ಸವಾರರ ನಡುವೆ ಮತ್ತೆ ಕಾಣಿಸಿಕೊಂಡಿದೆ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟು 200, 300, 600 ಕಿ.ಮೀ.ಗಳ ಬ್ರೆವೆ ಸವಾರಿ ಮುಗಿಸುವವರಲ್ಲಿ ಕೆಲವರ ಸೈಕಲ್ಲಿನ ಮೇಲೆ ಮೆತ್ತೆಯಿಲ್ಲದ, ತಾಮ್ರದ ರಿವೆಟ್ ಹೊಡೆದ, ಗಟ್ಟಿ ತೊಗಲಿನ ಸೀಟನ್ನು ನೋಡಬಹುದು. ಇನ್ನು ಕೆಲವರ ಮನೆಯಲ್ಲಿ ಅಜ್ಜನ ಕಾಲದ ರ್‍ಯಾಲಿ ಸೈಕಲ್ಲಿನ ಜೊತೆಗೆ ಒಣಗಿ ಬಿರಿದ ಹಳೆಯ ಸೀಟು ಅಟ್ಟದ ಮೇಲಿರುತ್ತದೆ. ಇಬ್ಬರಿಗೂ ಎದುರಾಗುವ ಮೊದಲ ಪ್ರಶ್ನೆ ಒಂದೇ: ಇದಕ್ಕೆ ಯಾವ ಎಣ್ಣೆ ಹಚ್ಚಬೇಕು?

ಉತ್ತರಗಳಿಗೆ ಬರವಿಲ್ಲ. ಚಪ್ಪಲಿ ಅಂಗಡಿಯವರು ಬೂಟ್ ಪಾಲಿಶ್ ಎನ್ನುತ್ತಾರೆ. ಮನೆಯ ಹಿರಿಯರು ಹರಳೆಣ್ಣೆ ಎನ್ನುತ್ತಾರೆ. ಅಮೆರಿಕದಲ್ಲಿರುವ ಗೆಳೆಯ ನೀಟ್ಸ್‌ಫುಟ್ ಎಣ್ಣೆಯ ಡಬ್ಬಿ ತರುತ್ತಾನೆ. ಸೀಟು ತಯಾರಿಸಿದ ಕಂಪನಿ ತನ್ನದೇ ಮುಲಾಮನ್ನು ಕೊಳ್ಳಲು ಹೇಳುತ್ತದೆ. ಆಯ್ಕೆ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಇಂಗ್ಲೆಂಡಿನಿಂದ ಬರುವ ಒಂದು ಉತ್ತಮ ಸೀಟಿನ ಬೆಲೆ ನೂರು ಪೌಂಡಿನ ಆಸುಪಾಸಿನಲ್ಲಿದೆ. ಸರಿಯಾಗಿ ನೋಡಿಕೊಂಡರೆ ಅದು ದಶಕಗಳ ಕಾಲ ಬಾಳುತ್ತದೆ. ಎಣ್ಣೆ ಕುಡಿದು ಜೋತುಬಿದ್ದರೆ ಮಾತ್ರ ಅದನ್ನು ಮೊದಲಿನ ಸ್ಥಿತಿಗೆ ತರುವ ಉಪಾಯ ಯಾರಲ್ಲೂ ಇಲ್ಲ.

ಜೋಲಿಯಂತಹ ಸೀಟು

ಎಣ್ಣೆಯ ಆಯ್ಕೆಗೆ ಮುನ್ನ ಸೀಟಿನ ರಚನೆಯನ್ನು ಅರಿಯಬೇಕು. ಚರ್ಮದ ಸೀಟಿನೊಳಗೆ ಸ್ಪಂಜೂ ಇಲ್ಲ, ಪ್ಲಾಸ್ಟಿಕ್ಕಿನ ತಳವೂ ಇಲ್ಲ. ಸುಮಾರು 5 ಮಿ.ಮೀ. ದಪ್ಪದ ಒಂದೇ ತುಂಡು ತೊಗಲನ್ನು ನೆನೆಸಿ, ಅಚ್ಚಿನ ಮೇಲೆ ಒತ್ತಿ, ಒಣಗಿಸಿ, ಮುಂದೆ ಮೂತಿಗೆ ಮತ್ತು ಹಿಂದೆ ಉಕ್ಕಿನ ಪಟ್ಟಿಗೆ ರಿವೆಟ್‌ಗಳಿಂದ ಬಿಗಿದಿರುತ್ತಾರೆ. ಎರಡು ಮರಗಳ ನಡುವೆ ಕಟ್ಟಿದ ಜೋಲಿಯಂತೆ ಸವಾರನ ಭಾರವೆಲ್ಲ ಈ ಬಿಗಿಯಾದ ತೊಗಲಿನ ಮೇಲೆಯೇ ಬೀಳುತ್ತದೆ. ಮೂತಿಯ ಕೆಳಗೆ ಒಂದು ಬೋಲ್ಟು ಇದ್ದು, ಅದರ ನಟ್ಟನ್ನು ತಿರುಗಿಸಿ ಸಡಿಲವಾದ ತೊಗಲನ್ನು ಸ್ವಲ್ಪ ಎಳೆಯಬಹುದು.

ಕೆಲವು ನೂರು ಕಿಲೋಮೀಟರ್ ಸವಾರಿಯ ನಂತರ, ಕೂರುವ ಎರಡು ಮೂಳೆಗಳು ತಾಗುವ ಜಾಗದಲ್ಲಿ ತೊಗಲು ತುಸು ತಗ್ಗಿ ಸವಾರನ ಮೈಗೆ ಒಗ್ಗುತ್ತದೆ. ಉಳಿದ ಭಾಗ ಮೊದಲಿನಂತೆಯೇ ಗಟ್ಟಿಯಾಗಿರುತ್ತದೆ. ಸುಖವಿರುವುದು ಈ ವ್ಯತ್ಯಾಸದಲ್ಲಿ. ಇಡೀ ಸೀಟು ಒಂದೇ ಸಮನೆ ಮೆತ್ತಗಾದರೆ ಮಧ್ಯಭಾಗ ಕುಸಿಯುತ್ತದೆ, ಎರಡೂ ಬದಿಯ ಅಂಚುಗಳು ಹೊರಕ್ಕೆ ಹರಡುತ್ತವೆ, ಮೂತಿಯ ಕಡೆಯ ಉಕ್ಕು ಮೈಗೆ ಒತ್ತತೊಡಗುತ್ತದೆ.

ಬೂಟಿಗೆ ಒಪ್ಪುವ ಎಣ್ಣೆ ಸೀಟಿಗೆ ಒಪ್ಪದಿರುವುದಕ್ಕೆ ಕಾರಣ ಇದೇ. ಬೂಟಿನ ಚರ್ಮ ಪ್ರತಿ ಹೆಜ್ಜೆಗೂ ಬಾಗಬೇಕು; ಅದು ಮೆತ್ತಗಾದಷ್ಟೂ ಒಳ್ಳೆಯದು. ಸೀಟಿನ ಚರ್ಮ ಭಾರ ಹೊತ್ತು ಬಿಗಿಯಾಗಿ ನಿಲ್ಲಬೇಕು. ಅದಕ್ಕೆ ಬೇಕಾದುದು ಬಿರಿಯದಿರುವಷ್ಟು ಜಿಡ್ಡು ಮತ್ತು ನೀರು ಒಳಗಿಳಿಯದಂತೆ ತಡೆಯುವ ಮೇಣ. ಅದಕ್ಕಿಂತ ಹೆಚ್ಚಾದುದೆಲ್ಲ ಸೀಟಿನ ಆಯುಷ್ಯವನ್ನು ತಿನ್ನುತ್ತದೆ.

ತೊಗಲಿನೊಳಗೆ ಎಣ್ಣೆ ಮಾಡುವ ಕೆಲಸ

ಇಂತಹ ಸೀಟುಗಳಿಗೆ ಬಳಸುವುದು ಸಸ್ಯಜನ್ಯ ಟ್ಯಾನಿನ್‌ನಿಂದ ಹದ ಮಾಡಿದ ದಪ್ಪ ದನದ ತೊಗಲು. ಮರದ ತೊಗಟೆ, ಕಾಯಿಗಳಲ್ಲಿರುವ ಒಗರು ಪದಾರ್ಥವೇ ಟ್ಯಾನಿನ್. ಹಸಿ ತೊಗಲಿನ ಕೊಲಾಜೆನ್ ಎಳೆಗಳಿಗೆ ಅದು ಅಂಟಿಕೊಂಡು ಕೊಳೆಯುವುದನ್ನು ತಡೆಯುತ್ತದೆ. ಕರ್ನಾಟಕಕ್ಕೆ ಇದು ಹೊಸ ವಿದ್ಯೆಯೇನಲ್ಲ. ಬೆಳಗಾವಿ ಜಿಲ್ಲೆಯ ಅಥಣಿ ಸುತ್ತಮುತ್ತ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯ ತೊಗಲು ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಗೊಂಡದ್ದು. ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ ದಕ್ಷಿಣ ಭಾರತದ ಚರ್ಮ ಹದಗಾರರಿಗೆ ಬಹುಕಾಲ ಮುಖ್ಯ ಸಾಮಗ್ರಿಯಾಗಿತ್ತು.

ಇಂದಿನ ಬಹುಪಾಲು ಬೂಟು, ಬ್ಯಾಗು, ಸೋಫಾಗಳ ಚರ್ಮ ಕ್ರೋಮ್ ಲವಣದಿಂದ ಹದವಾದುದು. ಅದು ಸ್ವಭಾವತಃ ಮೆದು. ಅಚ್ಚಿಗೆ ಒತ್ತಿದ ಆಕಾರವನ್ನು ಹಿಡಿದುಕೊಳ್ಳುವ ಗುಣ ಸಸ್ಯಜನ್ಯ ಹದದ ತೊಗಲಿನಲ್ಲಿ ಹೆಚ್ಚು. ಹಾಗಾಗಿಯೇ ಸೀಟಿಗೆ ಅದು ಆಯ್ಕೆಯಾಗಿದೆ. ಸೋಫಾ ಒರೆಸುವ ಲೋಷನ್ನುಗಳ ಡಬ್ಬಿಯ ಮೇಲೆ ‘ಎಲ್ಲ ಬಗೆಯ ಚರ್ಮಕ್ಕೂ’ ಎಂದು ಬರೆದಿದ್ದರೂ ಸೈಕಲ್ ಸೀಟನ್ನು ಅದರಿಂದ ದೂರವಿಡುವುದು ಕ್ಷೇಮ.

ಎಣ್ಣೆ ತೊಗಲಿನೊಳಗೆ ಇಳಿದಾಗ ಎಳೆ ಎಳೆಗಳ ನಡುವೆ ಸೇರಿ ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಎಳೆಗಳು ತಿಕ್ಕಾಡಿ ತುಂಡಾಗದಿರಲು ಸ್ವಲ್ಪ ಜಾರಿಕೆ ಅಗತ್ಯ. ಆದರೆ ಜಾರಿಕೆ ಮಿತಿಮೀರಿದಾಗ, ಸದಾ ಎಳೆತದಲ್ಲಿರುವ ತೊಗಲು ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋಗುತ್ತದೆ. ತೆಳುವಾದ ಎಣ್ಣೆ ಬೇಗ, ಆಳಕ್ಕೆ ಇಳಿಯುತ್ತದೆ. ಮೇಣ ಬೆರೆತ ಗಟ್ಟಿ ಜಿಡ್ಡು ನಿಧಾನವಾಗಿ, ಮೇಲ್ಪದರದ ಮಟ್ಟಿಗೆ ಮಾತ್ರ ಇಳಿಯುತ್ತದೆ. ಸೀಟಿನ ವಿಷಯದಲ್ಲಿ ಈ ನಿಧಾನವೇ ಒಳಿತು.

ಇಂಗ್ಲೆಂಡಿನ ಡಬ್ಬಿ

ಚರ್ಮದ ಸೀಟು ಎಂದರೆ ಜಗತ್ತಿನಾದ್ಯಂತ ಮೊದಲು ನೆನಪಾಗುವ ಹೆಸರು ಬ್ರೂಕ್ಸ್. ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತ 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆ ಸರಂಜಾಮು ಮತ್ತು ಚರ್ಮದ ಸಾಮಾನುಗಳ ವ್ಯವಹಾರ ಆರಂಭಿಸಿದ. ಆತನ ಕುದುರೆ ಸತ್ತುಹೋಗಿ, ಓಡಾಟಕ್ಕೆ ಎರವಲು ಪಡೆದ ಸೈಕಲ್ಲಿನ ಮರದ ಸೀಟಿನ ಮೇಲೆ ಕುಳಿತು ಬೇಸತ್ತು, ತೊಗಲಿನ ಸೀಟು ರೂಪಿಸಿದನೆಂಬುದು ಕಂಪನಿ ಹೇಳಿಕೊಂಡು ಬಂದಿರುವ ಕಥೆ. ಕಥೆ ಎಷ್ಟು ನಿಜವೋ, 1882ರಲ್ಲಿ ಸೀಟಿಗೆ ಪೇಟೆಂಟ್ ಪಡೆದದ್ದಂತೂ ನಿಜ. 2002ರಲ್ಲಿ ಇಟಲಿಯ ಸೆಲ್ಲೆ ರಾಯಲ್ ಕಂಪನಿ ಬ್ರೂಕ್ಸನ್ನು ಖರೀದಿಸಿತು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆತಿಕ್‌ನ ಕಾರ್ಖಾನೆಯ ಹೆಸರು ಇಂದಿಗೂ ಚರ್ಮದ ಸೀಟುಗಳ ಜೊತೆಗೇ ಬರುತ್ತದೆ. ಬಿ-17 ಎಂಬ ಅದರ ಮಾದರಿ 19ನೇ ಶತಮಾನದ ಕೊನೆಯ ದಶಕದಿಂದಲೂ ಹೆಚ್ಚು ಬದಲಾವಣೆಯಿಲ್ಲದೆ ಮಾರಾಟವಾಗುತ್ತಿದೆ.

ಈ ಕಂಪನಿಯ ಮುಲಾಮಿನ ಹೆಸರು ಪ್ರೂಫೈಡ್. ಪುಟ್ಟ ತಗಡಿನ ಡಬ್ಬಿಯಲ್ಲಿ ಬರುವ ಇದರೊಳಗೆ ಏನಿದೆ ಎಂಬುದು ರಹಸ್ಯವೇನಲ್ಲ. ದನದ ಕೊಬ್ಬು, ಕಾಡ್ ಮೀನಿನ ಎಣ್ಣೆ, ಸಸ್ಯಜನ್ಯ ಎಣ್ಣೆ, ಪ್ಯಾರಾಫಿನ್ ಮೇಣ, ಜೇನುಮೇಣ, ಸುವಾಸನೆಗೆ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆ. ಇಂಗ್ಲೆಂಡಿನ ಚರ್ಮ ಕಸುಬಿನವರು ಕುದುರೆ ಸರಂಜಾಮಿನ ತೊಗಲಿಗೆ ತಲೆಮಾರುಗಳಿಂದ ಉಜ್ಜುತ್ತಿದ್ದ ಡಬ್ಬಿನ್ ಎಂಬ ಜಿಡ್ಡಿನ ಹತ್ತಿರದ ಸಂಬಂಧಿ ಇದು. ಒದ್ದೆ ತೊಗಲಿಗೆ ಕೊಬ್ಬು ಮತ್ತು ಮೀನೆಣ್ಣೆಯ ಮಿಶ್ರಣ ಬಳಿದಿಟ್ಟರೆ, ನೀರು ಆರಿ ಹೊರಹೋಗುತ್ತಿದ್ದಂತೆ ಆ ಜಾಗಕ್ಕೆ ಜಿಡ್ಡು ಇಳಿಯುತ್ತದೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು.

ಪ್ರೂಫೈಡ್ ಒಳ್ಳೆಯದೇ? ಒಳ್ಳೆಯದು. ಕೋಣೆಯ ಶಾಖದಲ್ಲಿ ಗಟ್ಟಿಯಾಗಿರುವುದರಿಂದ ಬೇಕೆಂದರೂ ಅತಿಯಾಗಿ ಹಚ್ಚುವುದು ಕಷ್ಟ. ಅದರ ದೊಡ್ಡ ಗುಣ ಅದೇ. ಹೊಸ ಸೀಟಿಗೆ ಮೊದಲ ಕೆಲವು ತಿಂಗಳಲ್ಲಿ ಎರಡು ಮೂರು ಬಾರಿ, ಬಳಿಕ ವರ್ಷಕ್ಕೆ ಒಂದೆರಡು ಬಾರಿ ಹಚ್ಚಿದರೆ ಸಾಕು. ಒಂದು ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಆದರೆ ನಮ್ಮಲ್ಲಿ ಅದು ಎಲ್ಲ ಸೈಕಲ್ ಅಂಗಡಿಗಳಲ್ಲೂ ದೊರೆಯುವ ವಸ್ತುವಲ್ಲ. ಎರಡನೆಯದಾಗಿ, ದನದ ಕೊಬ್ಬನ್ನು ಮನೆಯೊಳಗೆ ತರಲು, ಕೈಯಲ್ಲಿ ಮುಟ್ಟಲು ಒಪ್ಪದ ಮನೆಗಳಿವೆ. (ದನದ ತೊಗಲಿನ ಮೇಲೆಯೇ ಕೂರುವವರಿಗೆ ಕೊಬ್ಬಿನ ಬಗ್ಗೆ ಏಕೆ ಸಂಕೋಚ ಎಂದು ಕೇಳಬಹುದು. ಬೀದಿಯ ಚಪ್ಪಲಿಗೂ ಅಡುಗೆಮನೆಯ ಡಬ್ಬಿಗೂ ಬೇರೆ ಬೇರೆ ನಿಯಮವಿರುವ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ!)

ನೀಟ್ಸ್‌ಫುಟ್ ವಿವಾದ

ಸೀಟಿನ ಎಣ್ಣೆಯ ಬಗ್ಗೆ ಸವಾರರಲ್ಲಿ ಇಂದಿಗೂ ಮುಗಿಯದ ವಾದವೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಸೈಕಲ್ ರಿಪೇರಿಯ ಬಗ್ಗೆ ಬರೆದ ಲೇಖನಗಳು ವಿಶ್ವದಾದ್ಯಂತ ಪ್ರಮಾಣವೆನಿಸಿವೆ. 2008ರಲ್ಲಿ ತೀರಿಕೊಂಡ ಆತ, ಹೊಸ ಸೀಟನ್ನು ಬೇಗ ಪಳಗಿಸಲು ನೀಟ್ಸ್‌ಫುಟ್‌ನಂತಹ ದ್ರವ ಎಣ್ಣೆಯನ್ನು ಧಾರಾಳವಾಗಿ ಬಳಸಬಹುದೆಂದು ಬರೆದಿದ್ದ. ಅಷ್ಟೇ ಅಲ್ಲ, ಸೀಟನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ತಲೆಕೆಳಗಾಗಿಟ್ಟು, ಹಾಳೆಯನ್ನು ದೊನ್ನೆಯಂತೆ ಸುತ್ತ ಮಡಚಿ, ಅದರೊಳಗೆ ಎಣ್ಣೆ ಸುರಿದು ಅರ್ಧದಿಂದ ಒಂದು ಗಂಟೆ ನೆನೆಸುವ ಕ್ರಮವನ್ನೂ ವಿವರಿಸಿದ್ದ. ಸೀಟು ತಯಾರಕರು ಹೇಳುವುದು ಇದಕ್ಕೆ ತದ್ವಿರುದ್ಧ: ದ್ರವ ಎಣ್ಣೆ ಬೇಡವೇ ಬೇಡ.

ನೀಟ್ಸ್‌ಫುಟ್ ಎಂಬುದು ದನದ ಕಾಲಿನ ಕೆಳಭಾಗದ ಮೂಳೆಗಳನ್ನು ಬೇಯಿಸಿ ತೆಗೆದ ಎಣ್ಣೆ. ‘ನೀಟ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ದನ. ದೇಹದ ಉಳಿದ ಭಾಗಕ್ಕಿಂತ ಕಾಲು ತಂಪಾಗಿರುವುದರಿಂದ ಅಲ್ಲಿನ ಕೊಬ್ಬು ಚಳಿಯಲ್ಲೂ ದ್ರವವಾಗಿಯೇ ಉಳಿಯುವಂಥದ್ದು. ತೊಗಲಿನೊಳಗೆ ಅದು ಸಲೀಸಾಗಿ ಹರಡುತ್ತದೆ. ಬೇಸ್‌ಬಾಲ್ ಕೈಗವಸು, ಕುದುರೆಯ ಲಗಾಮುಗಳಿಗೆ ಅದು ಪ್ರಸಿದ್ಧವಾಗಿರುವುದು ಈ ಗುಣದಿಂದಲೇ. ಮಾರುಕಟ್ಟೆಯಲ್ಲಿ ‘ನೀಟ್ಸ್‌ಫುಟ್ ಕಾಂಪೌಂಡ್’ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಡಬ್ಬಿಗಳಲ್ಲಿ ಪೆಟ್ರೋಲಿಯಂ ಎಣ್ಣೆಯನ್ನು ಬೆರೆಸಿರುವುದುಂಟು. ಕೊಳ್ಳುವವರು ಅಕ್ಷರಗಳನ್ನು ಓದಬೇಕು.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಎಣ್ಣೆಯಲ್ಲಿ ನೆನೆಸಿದ ಸೀಟು ಮೊದಲ ವಾರದಿಂದಲೇ ಹಿತವಾಗಿರುತ್ತದೆ ಎಂಬುದು ಸುಳ್ಳಲ್ಲ. ಆ ಹಿತವನ್ನು ಮುಂದಿನ ವರ್ಷಗಳಿಂದ ಸಾಲ ತಂದಂತಾಗುತ್ತದೆ ಅಷ್ಟೆ. 55 ಕಿಲೋ ತೂಕದ ಸವಾರ, ಮರದ ಹಲಗೆಯಂತೆ ಗಟ್ಟಿಯಾದ ಸೀಟು, ಈ ಜೋಡಿಗೆ ತಳಭಾಗದಿಂದ ಒಂದು ಬಾರಿ ತೆಳುವಾಗಿ ಎಣ್ಣೆ ಸವರಿದರೆ ಪ್ರಮಾದವೇನೂ ಆಗದು. 90 ಕಿಲೋ ಸವಾರ ಅದನ್ನೇ ಮಾಡಿದರೆ ಬಿಗಿ ಮಾಡುವ ಬೋಲ್ಟು ಬಹುಬೇಗ ಕೊನೆ ಮುಟ್ಟುತ್ತದೆ. ನೆನೆಸುವ ಪ್ರಯೋಗ ಮಾತ್ರ ಬೆಲೆಬಾಳುವ ಹೊಸ ಸೀಟಿನ ಮೇಲೆ ಯಾರಿಗೂ ತರವಲ್ಲ. ಸ್ವಲ್ಪ ತಾಳ್ಮೆಯಿಂದ ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದರೆ ಎಣ್ಣೆ ಮಾಡುವ ಕೆಲಸವನ್ನು ಸವಾರನ ಮೈಭಾರ ಮತ್ತು ಬೆವರೇ ಮಾಡುತ್ತವೆ.

ನಮ್ಮ ಮನೆಯ ಎಣ್ಣೆಗಳು

ಮೊದಲಿಗೆ ಕೊಬ್ಬರಿ ಎಣ್ಣೆ. ಕೈಗೆ ಸುಲಭವಾಗಿ ಸಿಗುವುದರಿಂದ ಬಹಳ ಮಂದಿ ಇದನ್ನೇ ಹಚ್ಚಿಬಿಡುತ್ತಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಇದು ಹೆಪ್ಪುಗಟ್ಟುತ್ತದೆ, ಮೇಲೆ ನೀರಿನಂತೆ ಹರಿಯುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಬಾಟಲಿಯಿಂದ ಕಡ್ಡಿ ಹಾಕಿ ತೆಗೆಯಬೇಕಾದ ಎಣ್ಣೆ ಕಲಬುರಗಿಯ ಮೇ ತಿಂಗಳಲ್ಲಿ ಸೀಟಿನಿಂದ ಜಿನುಗಿ ಸವಾರನ ಬಟ್ಟೆಗೆ ಇಳಿಯುತ್ತದೆ. ಕಾವಲಿಗೆ ಮೇಣವಿಲ್ಲ, ನೀರನ್ನು ತಡೆಯುವ ಶಕ್ತಿಯೂ ಕಡಿಮೆ. ತಲೆಗೂದಲಿಗೆ ಒಪ್ಪುವುದೆಲ್ಲ ತೊಗಲಿಗೂ ಒಪ್ಪಬೇಕೆಂದಿಲ್ಲ.

ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಂತಹ ಅಡುಗೆ ಎಣ್ಣೆಗಳನ್ನು ಇತ್ತ ತರಲೇಬಾರದು. ಗಾಳಿಗೆ ತೆರೆದುಕೊಂಡ ಇವು ಕೆಲವು ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತವೆ. ಮೇಲ್ಮೈ ಅಂಟಂಟಾಗಿ ಧೂಳನ್ನು ಸೆಳೆಯುತ್ತದೆ. ಕ್ರಿಕೆಟ್ ಬ್ಯಾಟಿಗೆ ಹಚ್ಚಲು ತಂದಿಟ್ಟ ಅಗಸೆ ಎಣ್ಣೆ ಇನ್ನೂ ಅಪಾಯಕಾರಿ. ಅದು ಗಾಳಿಯೊಡನೆ ಬೆರೆತು ವಾರ್ನಿಶಿನಂತೆ ಗಟ್ಟಿಯಾಗುವ ಎಣ್ಣೆ. ಮರಕ್ಕೆ ಅದು ವರ, ತೊಗಲಿಗೆ ಶಾಪ. ಎಳೆಗಳ ನಡುವೆ ಗಟ್ಟಿಯಾಗಿ ಕುಳಿತು ತೊಗಲನ್ನು ಬಿರಿಯುವಂತೆ ಮಾಡುತ್ತದೆ.

ಹೊಂಗೆ ಎಣ್ಣೆಯ ಕಥೆ ಬೇರೆ. ಇದು ಚರ್ಮೋದ್ಯಮಕ್ಕೆ ಪರಿಚಿತವಾದ ಎಣ್ಣೆ. ಹಿಂದಿನ ಮದ್ರಾಸ್ ಪ್ರಾಂತ್ಯದಿಂದ ಬ್ರಿಟನ್ನಿಗೆ ರಫ್ತಾಗುತ್ತಿದ್ದ ‘ಈಸ್ಟ್ ಇಂಡಿಯಾ’ ತೊಗಲುಗಳನ್ನು ತಂಗಡಿ ತೊಗಟೆಯಲ್ಲಿ ಹದ ಮಾಡಿದ ಮೇಲೆ ಹೊಂಗೆ ಎಣ್ಣೆ ಇಲ್ಲವೇ ಎಳ್ಳೆಣ್ಣೆ ತೊಡೆಯುತ್ತಿದ್ದರು. ಇಂಗ್ಲಿಷ್ ಡಬ್ಬಿನ್‌ನಲ್ಲಿ ಮೀನೆಣ್ಣೆಗಿದ್ದ ಸ್ಥಾನ ಇಲ್ಲಿ ಹೊಂಗೆಗಿತ್ತು ಎನ್ನಬಹುದು. ಅದು ಅಗಸೆ ಎಣ್ಣೆಯಂತೆ ಒಣಗಿ ಗಟ್ಟಿಯಾಗುವುದಿಲ್ಲ, ಕಹಿಯಾಗಿರುವುದರಿಂದ ಹುಳುಗಳೂ ಸುಳಿಯುವುದಿಲ್ಲ. ತೊಂದರೆಯಿರುವುದು ಬಣ್ಣ ಮತ್ತು ವಾಸನೆಯಲ್ಲಿ. ಕಂದು ಹಳದಿ ಬಣ್ಣದ ಈ ಎಣ್ಣೆ ತಿಳಿ ಬಣ್ಣದ ಸೀಟನ್ನು ಕಪ್ಪಾಗಿಸುತ್ತದೆ, ಬಿಳಿ ಪ್ಯಾಂಟಿಗೆ ಕಲೆ ಬಿಡುತ್ತದೆ. ಕಚೇರಿಗೆ ಸೈಕಲ್ಲಿನಲ್ಲಿ ಹೋಗುವವರು ಪಕ್ಕದ ಮೇಜಿನವರ ಬಗ್ಗೆಯೂ ಯೋಚಿಸುವುದು ಒಳ್ಳೆಯದು.

ಮನೆಯಲ್ಲಿರುವ ಎಣ್ಣೆಗಳ ಪೈಕಿ ಸೀಟಿಗೆ ಅತ್ಯಂತ ಸಮೀಪದ್ದು ಹರಳೆಣ್ಣೆ. ಮಂದವಾಗಿರುವುದರಿಂದ ನಿಧಾನವಾಗಿ ಇಳಿಯುತ್ತದೆ, ಒಣಗಿ ಗಟ್ಟಿಯಾಗುವುದಿಲ್ಲ, ಅಡುಗೆ ಎಣ್ಣೆಗಳಷ್ಟು ಬೇಗ ಕೆಡುವುದಿಲ್ಲ. ಹಿಂದೆ ಗಿರಣಿಗಳಲ್ಲಿ ಯಂತ್ರ ತಿರುಗಿಸುತ್ತಿದ್ದ ಚರ್ಮದ ಬೆಲ್ಟುಗಳಿಗೆ ಹರಳೆಣ್ಣೆ ಹಚ್ಚುವ ರೂಢಿಯಿತ್ತು. ಆ ಬೆಲ್ಟುಗಳೂ ಸೈಕಲ್ ಸೀಟಿನಂತೆ ಸದಾ ಎಳೆತದಲ್ಲಿದ್ದು ಕೆಲಸ ಮಾಡುವಂಥವು ಎಂಬುದನ್ನು ಗಮನಿಸಬೇಕು. ಹಿರಿಯರ ಸಲಹೆಯನ್ನು ನಕ್ಕು ತಳ್ಳುವಂತಿಲ್ಲ. ಆದರೂ ಬರಿಯ ಹರಳೆಣ್ಣೆಗಿಂತ ಅದಕ್ಕೆ ಜೇನುಮೇಣ ಬೆರೆಸಿದ ಮುಲಾಮು ಮೇಲು.

ತಯಾರಿಕೆ ಕಷ್ಟವಲ್ಲ. ಒಂದು ಪಾಲು ಜೇನುಮೇಣಕ್ಕೆ ಎರಡು ಪಾಲು ಹರಳೆಣ್ಣೆ ಸಾಕು. ಮೇಣ ಕರಗಲು 62ರಿಂದ 64 ಡಿಗ್ರಿ ಶಾಖ ಬೇಕು. ಆದ್ದರಿಂದ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಸಣ್ಣ ಪಾತ್ರೆಯಿಟ್ಟು ಕರಗಿಸಬೇಕೇ ಹೊರತು ನೇರ ಉರಿಯ ಮೇಲೆ ಇಡಬಾರದು. ಎಣ್ಣೆ ಬೆರೆಸಿ ಕಲಕಿ ಹಳೆಯ ಡಬ್ಬಿಗೆ ಸುರಿದು ಆರಲು ಬಿಟ್ಟರೆ ಬೂಟ್ ಪಾಲಿಶಿನಷ್ಟು ಗಟ್ಟಿಯಾದ ಮುಲಾಮು ಸಿದ್ಧ. ಬೇಸಿಗೆಯ ತಾಪ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನಂತಹ ಊರುಗಳವರು ಮೇಣವನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು. ಪ್ರಾಣಿಯ ಕೊಬ್ಬು ಬೇಡವೆನ್ನುವವರಿಗೂ ಇದು ದಾರಿ. ಜೇನುಮೇಣ ಪ್ರಧಾನವಾಗಿರುವ ವಿದೇಶಿ ಮುಲಾಮುಗಳನ್ನು ಬಳಸುವ ಸವಾರರೂ ಇದ್ದಾರೆ; ಅವುಗಳ ಮೂಲತತ್ವವೂ ಇದೇ.

ಉಳಿದಂತೆ, ಇಂಜಿನ್ ಎಣ್ಣೆ, ಚೈನಿಗೆ ಹಾಕುವ ಎಣ್ಣೆ, ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇಗಳು ತೊಗಲಿನ ಹತ್ತಿರವೂ ಸುಳಿಯಬಾರದು. ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ರೇ ಹೊಡೆಯುವಾಗ ಸೀಟಿನ ತಳಕ್ಕೆ ಬಟ್ಟೆ ಅಡ್ಡ ಹಿಡಿಯಬೇಕು. ಬೂಟ್ ಪಾಲಿಶ್ ಹೊಳಪನ್ನು ಕೊಡುತ್ತದೆ, ಬಣ್ಣವನ್ನು ಪ್ಯಾಂಟಿಗೂ ಕೊಡುತ್ತದೆ.

ಹಚ್ಚುವ ಬಗೆ

ಎಣ್ಣೆ ಬೇಕೋ ಬೇಡವೋ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಸೀಟಿನ ಮೇಲೆ ಒಂದು ಹನಿ ನೀರು ಬಿಡಬೇಕು. ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ನಿಂತರೆ ಏನೂ ಬೇಡ. ಕ್ಷಣದಲ್ಲಿ ಹೀರಿಕೊಂಡು ಆ ಜಾಗ ಕಪ್ಪಾದರೆ ಜಿಡ್ಡು ಬೇಕೆಂದರ್ಥ. ಪಂಚಾಂಗ ನೋಡಿ ತಿಂಗಳಿಗೊಮ್ಮೆ ಹಚ್ಚುವವರ ಸೀಟೇ ಮೊದಲು ಜೋಲುವುದು.

ಒಣ ಬಟ್ಟೆಯಿಂದ ಧೂಳು ಒರೆಸಿ, ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಮುಲಾಮು ತೆಗೆದುಕೊಂಡು ಮೇಲ್ಭಾಗಕ್ಕೆ ತೆಳುವಾಗಿ ತಿಕ್ಕಬೇಕು. ಬೆರಳಿನ ಬಿಸಿಗೇ ಅದು ಕರಗುತ್ತದೆ. ರಿವೆಟ್‌ಗಳ ಸುತ್ತ ಮತ್ತು ಅಂಚುಗಳಿಗೆ ಗಮನ ಹೆಚ್ಚಿರಲಿ. ತೊಗಲು ಮೊದಲು ಹರಿಯುವುದು ಅಲ್ಲಿಯೇ. ತಳಭಾಗ ಒರಟಾಗಿ, ರಂಧ್ರಮಯವಾಗಿರುವುದರಿಂದ ಅದು ಮೇಲ್ಭಾಗಕ್ಕಿಂತ ಬಹಳ ಬೇಗ ಹೀರುತ್ತದೆ. ಹೊಸ ಸೀಟಿನ ತಳಕ್ಕೆ ಮೊದಲ ಸಲ ಒಂದು ತೆಳು ಲೇಪ ಸಾಕು, ಅನಂತರ ಅಪರೂಪಕ್ಕೊಮ್ಮೆ. ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಹತ್ತಿ ಬಟ್ಟೆಯಿಂದ ಉಜ್ಜಿ ಹೆಚ್ಚುವರಿ ಜಿಡ್ಡನ್ನು ತೆಗೆಯಬೇಕು. ಬೇಗ ಇಳಿಯಲೆಂದು ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು ತಪ್ಪು. ಶಾಖದಲ್ಲಿ ಜಿಡ್ಡು ಆಳಕ್ಕೆ ಇಳಿದು, ತಪ್ಪಿಸಬೇಕೆಂದಿದ್ದ ಕೆಲಸವೇ ಆಗಿಬಿಡುತ್ತದೆ.

ಎಣ್ಣೆ ಹೆಚ್ಚಾಗಿ ಸೀಟು ಆಗಲೇ ಹರಡಿಕೊಂಡಿದ್ದರೆ? ಮೇಲಿನ ಜಿಡ್ಡನ್ನು ಮುಲ್ತಾನಿ ಮಿಟ್ಟಿಯಂತಹ ಪುಡಿ ಉದುರಿಸಿ ಸ್ವಲ್ಪ ಮಟ್ಟಿಗೆ ಹೀರಿಸಬಹುದು. ಒಳಗಿಳಿದದ್ದು ಹೊರಬರುವುದಿಲ್ಲ. ಬೋಲ್ಟನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಯದೆ, ಕೆಲವು ದಿನ ಸವಾರಿ ಮಾಡಿ ನೋಡಬೇಕು. ಎರಡೂ ಬದಿಯ ಅಂಚುಗಳಲ್ಲಿ ರಂಧ್ರ ಕೊರೆದು, ಸೀಟಿನ ಕೆಳಗಿನಿಂದ ಬೂಟಿನ ಲೇಸಿನಂತೆ ದಾರ ಹೆಣೆದು ಒಳಕ್ಕೆ ಎಳೆದು ಕಟ್ಟುವುದು ಹಳೆಯ ಉಪಾಯ. ಚಪ್ಪಲಿ ಹೊಲಿಯುವ ಕುಶಲಿಗ ಹತ್ತು ನಿಮಿಷದಲ್ಲಿ ಮಾಡಿಕೊಡಬಲ್ಲ ಕೆಲಸವದು, ಸೀಟಿಗೆ ಇನ್ನೂ ಕೆಲವು ವರ್ಷ ಆಯುಷ್ಯ ಸೇರಿಸುತ್ತದೆ.

ಅಟ್ಟದಿಂದ ಇಳಿಸಿದ ಸೀಟು

ಅಜ್ಜನ ಸೈಕಲ್ಲಿನ ಸೀಟಿಗೆ ಈ ನಿಯಮಗಳಲ್ಲಿ ಸ್ವಲ್ಪ ರಿಯಾಯಿತಿ ಉಂಟು. ದಶಕಗಳ ಕಾಲ ಒಣಗಿದ ತೊಗಲಿನಲ್ಲಿ ಜಿಡ್ಡೇ ಉಳಿದಿರುವುದಿಲ್ಲ. ತೆಳುವಾದ ಎಣ್ಣೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ನೀಟ್ಸ್‌ಫುಟ್ ಅಥವಾ ಹರಳೆಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ, ತಳಭಾಗಕ್ಕೆ ತೆಳುವಾಗಿ ಸವರಿ ಎರಡು ಮೂರು ದಿನ ಬಿಡಬೇಕು. ಹೆಬ್ಬೆರಳಿನಿಂದ ಒತ್ತಿದಾಗ ತೊಗಲು ತುಸುವೇ ಬಾಗುವವರೆಗೆ ಇದನ್ನು ಪುನರಾವರ್ತಿಸಿ, ಅಲ್ಲಿಗೆ ನಿಲ್ಲಿಸಿ, ಕೊನೆಗೆ ಮೇಣದ ಮುಲಾಮು ಹಚ್ಚಬೇಕು. ಒಣಗಿದ ಸೀಟು ಕಂಡೊಡನೆ ಪಾನಾ ಹಿಡಿದು ಬೋಲ್ಟು ಬಿಗಿಯುವುದು ಸಾಮಾನ್ಯವಾಗಿ ನಡೆಯುವ ಅನಾಹುತ. ಜಿಡ್ಡಿಲ್ಲದ ತೊಗಲು ರಿವೆಟ್‌ಗಳ ಬಳಿ ಕಾಗದದಂತೆ ಹರಿಯುತ್ತದೆ. ಆಳವಾದ ಬಿರುಕು ಬಿಟ್ಟು ಪದರ ಏಳುತ್ತಿರುವ ಸೀಟನ್ನು ಯಾವ ಎಣ್ಣೆಯೂ ಉಳಿಸದು; ಅದನ್ನು ಗೋಡೆಗೆ ನೇತುಹಾಕಿ ಸೈಕಲ್ಲಿಗೆ ಹೊಸ ಸೀಟು ಹಾಕಿಸುವುದೇ ಸರಿ.

ಮಳೆಗಾಲ

ಕರ್ನಾಟಕದಲ್ಲಿ ಚರ್ಮದ ಸೀಟಿಗೆ ನಿಜವಾದ ಶತ್ರು ಒಣಹವೆಗಿಂತ ಮಳೆ. ನೆನೆದ ತೊಗಲು ಸವಾರನ ಭಾರಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಸೆಡೆದು ವಿಕಾರವಾಗುತ್ತದೆ. ಮೇಲಿನಿಂದ ಬೀಳುವ ನೀರಿಗಿಂತ ಹಿಂಗಾಲಿಯಿಂದ ತಳಕ್ಕೆ ಚಿಮ್ಮುವ ಕೆಸರುನೀರು ಹೆಚ್ಚು ಹಾನಿಕಾರಕ, ಏಕೆಂದರೆ ತಳದಲ್ಲಿ ಅದನ್ನು ತಡೆಯುವ ನಯವಾದ ಪದರವಿಲ್ಲ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ಚರ್ಮದ ಸೀಟು ಹಾಕುವವರು ಎಷ್ಟು ಒಳ್ಳೆಯ ಎಣ್ಣೆ ತಂದರೂ ವ್ಯರ್ಥ. ನಿಲ್ಲಿಸುವಾಗ ಸೀಟಿಗೆ ಪ್ಲಾಸ್ಟಿಕ್ ಚೀಲ ಹಾಕುವುದು ಒಳ್ಳೆಯ ಅಭ್ಯಾಸ. ಆದರೆ ಒದ್ದೆ ಸೀಟಿಗೆ ಚೀಲ ಹಾಕಿ ಮರುದಿನದವರೆಗೆ ಬಿಟ್ಟರೆ ಬೂಷ್ಟು ಖಚಿತ.

ನೆನೆದ ಸೀಟಿನ ಮೇಲೆ ಕೂರದೆ, ಬಟ್ಟೆಯಿಂದ ಒತ್ತಿ ನೀರು ತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಆರಲು ಬಿಡಬೇಕು. ಮುಲಾಮು ಹಚ್ಚುವುದು ಆಮೇಲೆ. ಮಲೆನಾಡು ಮತ್ತು ಕರಾವಳಿಯವರು ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಒಮ್ಮೆ ಮೇಣ ಹೆಚ್ಚಿರುವ ಲೇಪ ಕೊಟ್ಟರೆ ಜಾಣತನ. ಬೂಷ್ಟು ಬಂದಲ್ಲಿ ಅದನ್ನು ಮನೆಯ ಹೊರಗೆ ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ನೆರಳಿನಲ್ಲಿ ಗಾಳಿಗಿಟ್ಟ ಬಳಿಕವೇ ಜಿಡ್ಡಿನ ಯೋಚನೆ ಮಾಡಬೇಕು. ಬೂಷ್ಟಿನ ಮೇಲೆಯೇ ಸಸ್ಯಜನ್ಯ ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಬಡಿಸಿದಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಮಳೆಯಲ್ಲೇ ಸೈಕಲ್ ಹೊಡೆಯಬೇಕಾದವರಿಗೆ ಇನ್ನೂ ಸರಳ ದಾರಿಯಿದೆ. ಬ್ರೂಕ್ಸ್ ಕಂಪನಿಯೇ 2013ರಲ್ಲಿ ರಬ್ಬರು ಮತ್ತು ಹತ್ತಿ ಬಟ್ಟೆಯಿಂದ ಮಾಡಿದ ಕ್ಯಾಂಬಿಯಂ ಎಂಬ ಸೀಟನ್ನು ಹೊರತಂದಿದೆ. ಅದಕ್ಕೆ ಯಾವ ಎಣ್ಣೆಯೂ ಬೇಡ. ಅಷ್ಟು ವೆಚ್ಚ ಒಲ್ಲದವರು ನಾಲ್ಕು ತಿಂಗಳ ಮಟ್ಟಿಗೆ ಸಾಧಾರಣ ರೆಕ್ಸಿನ್ ಸೀಟು ಹಾಕಿಸಿಕೊಂಡು, ಚರ್ಮದ್ದನ್ನು ಬಿಚ್ಚಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಪಾಟಿನಲ್ಲಿ ಇಡಬಹುದು.